ಐದೇ ಕೈ ಎದ್ದವು

ನನ್ನ ಮೊಮ್ಮಗಳಿಗೆ ಕ್ರೀಡಾ ಮರ್ಯಾದೆ ಗೊತ್ತಿಲ್ಲವಂತೆ. ಟೀವಿಯಲ್ಲಿ ಕೋಟು ಹಾಕಿಕೊಂಡವನೊಬ್ಬ ಹೇಳಿದ. ಫೈನಲ್ಲನ್ನು ಅರ್ಧಕ್ಕೆ ಬಿಟ್ಟು ಓಡಿದಳಂತೆ. ದೊಡ್ಡ ಅಲೆ ಕಂಡು ಹೆದರಿದಳಂತೆ. ಆಮೇಲೆ ಗಣ್ಯರ ಮುಂದೆ ನಿಂತು ಬಾಯಿಗೆ ಬಂದಂತೆ ಮಾತಾಡಿದಳಂತೆ. ಆ ಕೋಟಿನವನಿಗೆ ಹಲಗೆಯ ತಲೆ ಯಾವುದು ಬಾಲ ಯಾವುದು ಅಂತ ಗೊತ್ತಿಲ್ಲ. ಮೊಣಕಾಲುದ್ದ ನೀರಿಗೆ ಇಳಿದವನಲ್ಲ. ಆದರೂ ನಾಲಿಗೆಗೆ ಎಲುಬಿಲ್ಲವಲ್ಲ, ಹೇಳಿದ.

ಒಂದು ಕಾಗದಕ್ಕೆ ಸಹಿ ಹಾಕಿದರೆ ಎಲ್ಲ ಮಾಫಿ ಅಂದರು. ದೇಶದ ತಂಡದಲ್ಲಿ ಅವಳ ಜಾಗ ಅವಳಿಗೇ ಇರುತ್ತದೆ, ಇಲ್ಲದಿದ್ದರೆ ಹೊರಗೆ. ಆ ಕಾಗದದ ಕಥೆ ಹೇಳುತ್ತೇನೆ. ನಡುವೆ ಕೆಮ್ಮು ಬಂದರೆ ಸಹಿಸಿಕೊಳ್ಳಿ. ಇಪ್ಪತ್ತಾರು ವರ್ಷ ಫೈಬರ್ ಉಜ್ಜಿದ ಎದೆ ಇದು. ಒಳಗೆ ಗಾಜಿನ ಪುಡಿ ಕೂತಿದೆ.

ನಾವು ಚಿಪ್ಪು ಕೀಳುವ ಜನ. ಸಮುದ್ರದ ಬಂಡೆಗೆ ಕಪ್ಪು ಚಿಪ್ಪು ಅಂಟಿಕೊಂಡಿರುತ್ತದೆ. ನೀರು ಇಳಿದಾಗ ಇಳಿಯಬೇಕು, ಉಳಿ ಹಾಕಿ ಎಬ್ಬಿಸಬೇಕು, ಸೊಂಟದ ಚೀಲಕ್ಕೆ ತುಂಬಬೇಕು. ಚಿಪ್ಪಿನ ಅಂಚು ಬ್ಲೇಡಿನಂಥದ್ದು. ನಮ್ಮ ಹೆಂಗಸರ ಬೆರಳಲ್ಲಿ ಗೆರೆ ಇರುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚಿನ ಮಿಷನ್ನು ನನ್ನ ಮಗಳನ್ನು ಮೂರು ಸಲ ವಾಪಸ್ಸು ಕಳಿಸಿತ್ತು. ಮಿಷನ್ನಿನ ಪ್ರಕಾರ ಅವಳು ಮನುಷ್ಯಳೇ ಅಲ್ಲ.

ನಾನೂ ಕೀಳುತ್ತಿದ್ದೆ. ಒಂದು ದಿನ ಅಲೆ ನನ್ನ ಎಡಪಾದವನ್ನು ಎರಡು ಬಂಡೆಗಳ ನಡುವೆ ಇಟ್ಟು ಅರೆಯಿತು. ಅಂದಿನಿಂದ ಕುಂಟ. ಕುಂಟನಿಗೆ ಸರ್ಫಿಂಗ್ ಕ್ಲಬ್ಬಿನವರು ಹಿಂದಿನ ಶೆಡ್ಡಿನಲ್ಲಿ ಕೆಲಸ ಕೊಟ್ಟರು. ಮುರಿದ ಹಲಗೆ ಜೋಡಿಸುವುದು. ಅವರು ಅದನ್ನು ಸರ್ಫ್‌ಬೋರ್ಡ್ ಅನ್ನುತ್ತಾರೆ, ನನಗೆ ಹಲಗೆ. ಬಿರುಕಿಗೆ ಗಾಜಿನ ಬಟ್ಟೆ ಹಾಸಿ, ರೆಸಿನ್ ಅಂಟಿಗೆ ಗಟ್ಟಿಯಾಗುವ ಮದ್ದು ಬೆರೆಸಿ ಬಳಿದು, ಒಣಗಿದ ಮೇಲೆ ಉಜ್ಜುವುದು. ನಾನು ಜೋಡಿಸಿದ ಹಲಗೆ ಬೇರೆ ಕಡೆ ಮುರಿದೀತು, ಜೋಡಿಸಿದಲ್ಲಿ ಮುರಿಯುವುದಿಲ್ಲ. ಜಂಭ ಅಂದುಕೊಳ್ಳಿ, ಪರವಾಗಿಲ್ಲ.

ಬಂಡೆಯ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಕೀಳುವವಳ ಕಣ್ಣು ಕಲ್ಲಿನ ಮೇಲಿರುತ್ತದೆ, ಬೆನ್ನು ಸಮುದ್ರಕ್ಕೆ. ಹಾಗಾಗಿ ಎತ್ತರದ ತಲೆಬಂಡೆಯ ಮೇಲೆ ಒಬ್ಬಳು ಕಾವಲು ನಿಲ್ಲುತ್ತಾಳೆ. ಅವಳು ಕೀಳುವುದಿಲ್ಲ. ನೋಡುವುದೇ ಅವಳ ಕೆಲಸ. ಸಂಜೆ ಎಲ್ಲರೂ ಅವಳಿಗೆ ಒಂದೊಂದು ಬೊಗಸೆ ಚಿಪ್ಪು ಹಾಕುತ್ತಾರೆ. ದೂರದಲ್ಲಿ ದೊಡ್ಡ ಅಲೆಗಳ ಸಾಲು ಎದ್ದರೆ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆಯುತ್ತಾಳೆ. ಸಿಳ್ಳೆ ಬಿತ್ತೆಂದರೆ ಉಳಿ ಎಲ್ಲಿತ್ತೋ ಅಲ್ಲೇ ಬಿಡಬೇಕು. ಒಂದು ಕೈಯಲ್ಲಿ ಬಂಡೆ ಹಿಡಿದು ಇನ್ನೊಂದು ಕೈ ಮೇಲೆತ್ತಬೇಕು. ಕೇಳಿಸಿತು ಅಂತ. ಕಾವಲಿನವಳು ಕೈಗಳನ್ನು ಎಣಿಸುತ್ತಾಳೆ. ಒಂದು ಕಮ್ಮಿ ಬಂದರೆ ಮತ್ತೆ ಸಿಳ್ಳೆ. ಎಣಿಕೆ ಸರಿಹೋದ ಮೇಲೆ ಎಲ್ಲರೂ ಹತ್ತಿ ಓಡಬೇಕು.

ನಮ್ಮ ಕಾವಲಿನವಳನ್ನು ಊರೆಲ್ಲ ಸಿಳ್ಳೆಯಮ್ಮ ಅನ್ನುತ್ತಿತ್ತು. ನನ್ನ ಹೆಂಡತಿಯ ತಂಗಿ. ಅಂದರೆ ನನ್ನ ನಾದಿನಿ, ನನ್ನನ್ನು ಬೈಯಲು ಹುಟ್ಟಿದವಳು. ಮುಂದಿನ ಎರಡು ಹಲ್ಲಿರಲಿಲ್ಲ. ಅದರಿಂದಲೇ ಸಿಳ್ಳೆ ಅಷ್ಟು ಚೆನ್ನಾಗಿ ಬರುತ್ತದೆ ಅನ್ನುತ್ತಿದ್ದೆ. "ನಿಮ್ಮ ಹಲ್ಲೂ ಉದುರಿಸ್ಲಾ ಭಾವ, ನೀವೂ ಕಲೀಬಹುದು" ಅನ್ನುತ್ತಿದ್ದಳು. ಇಪ್ಪತ್ತೆರಡು ವರ್ಷ ಆ ಬಂಡೆಯ ಮೇಲೆ ನಿಂತಳು. ಅವಳ ಕಾವಲಿನಲ್ಲಿ ಒಂದು ಹೆಣವೂ ಬಿದ್ದಿಲ್ಲ.

ನನ್ನ ಮೊಮ್ಮಗಳು ಬೆಳೆದದ್ದು ಅವಳ ಕಾಲಬುಡದಲ್ಲಿ. ಮಗಳು ಕೆಳಗೆ ಕೀಳುವಾಗ ಮಗುವನ್ನು ಬಂಡೆಗುಳಿಯ ನೀರಿನಲ್ಲಿ ಕೂರಿಸುತ್ತಿದ್ದರು. ನಡೆಯಲು ಕಲಿತದ್ದು ಆ ಗುಳಿಯಲ್ಲೇ, ಅಂಚು ಹಿಡಿದು, ಅಡ್ಡಡ್ಡ. ಅದಕ್ಕೇ ಏಡಿ ಅಂತ ಹೆಸರು ಬಿತ್ತು. ಐದು ವರ್ಷಕ್ಕೆ ಏಡಿ ಅಲೆ ಎಣಿಸುತ್ತಿದ್ದಳು. ಮೊದಲನೆಯದು ಸುಳ್ಳ, ಎರಡನೆಯದು ದಲ್ಲಾಳಿ, ಮೂರನೆಯವನು ಸಾಹುಕಾರ, ಬಂದವನೇ ಎಲ್ಲ ಗುಡಿಸಿಕೊಂಡು ಹೋಗುತ್ತಾನೆ. ಇದು ಸಿಳ್ಳೆಯಮ್ಮ ಹೇಳಿಕೊಟ್ಟ ಪಾಠ.

ಎಂಟು ವರ್ಷಕ್ಕೆ ಅವಳಿಗೊಂದು ಹಲಗೆ ಮಾಡಿಕೊಟ್ಟೆ. ಕ್ಲಬ್ಬಿನವರು ಎಸೆದ ಎರಡು ಬೇರೆ ಬೇರೆ ಹಲಗೆಗಳ ಅರ್ಧರ್ಧ. ತಲೆ ಒಬ್ಬನದು, ಬಾಲ ಇನ್ನೊಬ್ಬನದು. ಅದು ಯಾವಾಗಲೂ ಎಡಕ್ಕೆ ಎಳೆಯುತ್ತಿತ್ತು. ಅವಳು ಬಲಗಾಲಿಗೆ ಭಾರ ಹಾಕಿ, ಸೊಂಟ ತಿರುಚಿ ಅದನ್ನು ನೆಟ್ಟಗೆ ಮಾಡುತ್ತಿದ್ದಳು. ಮುಂದೆ ಟೀವಿಯವರು ಆ ತಿರುಚನ್ನು ನಿಧಾನಗತಿಯಲ್ಲಿ ತೋರಿಸಿ ಇವಳದೇ ವಿಶಿಷ್ಟ ಶೈಲಿ ಅಂದರು. ಶೈಲಿಯಂತೆ. ಸೊಟ್ಟ ಹಲಗೆ ಕಣಯ್ಯಾ ಅದು.

ಹನ್ನೆರಡು ವರ್ಷದವಳಿದ್ದಾಗ ನಡೆದದ್ದು ಹೇಳಬೇಕು. ಅಷ್ಟು ಹೊತ್ತಿಗೆ ಕ್ಲಬ್ಬಿನ ಕೋಚ್ ಇವಳನ್ನು ನೋಡಿದ್ದ. ಒಳ್ಳೆಯವನೇ, ಬೆನ್ನುಮೂಳೆ ಮಾತ್ರ ಸ್ವಲ್ಪ ಮೆದು. ಇವಳು ಬಂದು ಕಲಿಯಲಿ ಅಂತ ಕಾರ್ಯದರ್ಶಿಯನ್ನು ಒಪ್ಪಿಸಿದ್ದ. ಮೊದಲ ದಿನ ನೀರಿನಿಂದ ಬಂದ ಮಕ್ಕಳೆಲ್ಲ ಸಿಹಿನೀರಿನ ಷವರಿಗೆ ಹೋದರು. ಇವಳೂ ಹೋದಳು. ಒಬ್ಬ ಹುಡುಗಿ ಮೂಗು ಹಿಡಿದುಕೊಂಡಳು. ಇನ್ನೊಬ್ಬಳ ತಾಯಿ ಕಾರ್ಯದರ್ಶಿಗೆ ಫೋನ್ ಮಾಡಿದಳು. ಕಾರ್ಯದರ್ಶಿ ಬೈಯಲಿಲ್ಲ, ಹೊಡೆಯಲಿಲ್ಲ. ಬಂಡೆಯಿಂದ ನನ್ನ ಮಗಳನ್ನು ಕರೆಸಿದ. ಕೈಗೆ ಬ್ರಷ್ಷು, ಬಕೆಟ್ಟು, ಫಿನೈಲು ಕೊಟ್ಟ. ಮಗಳು ನಿಂತ ಜಾಗವನ್ನು ತಾಯಿ ತಿಕ್ಕಬೇಕು. ತಿಕ್ಕಿದಳು. ಹೊಸದಾಗಿ ಕುಯ್ದ ಬೆರಳು, ಫಿನೈಲು ಉರಿ. ಏಡಿ ಗೋಡೆಗೊರಗಿ ನಿಂತು ನೋಡಿದಳು. ನಾನು ಶೆಡ್ಡಿನ ಬಾಗಿಲಲ್ಲಿ ಹಲಗೆ ಉಜ್ಜುತ್ತಿದ್ದೆ. ಉಜ್ಜುತ್ತಲೇ ಇದ್ದೆ. ಅಂದಿನಿಂದ ಅವಳಿಗೆ ಮೈ ತೊಳೆಯಲು ಶೆಡ್ಡಿನ ಹಿಂದೆ ಒಂದು ಪೈಪು.

ಹದಿಮೂರಕ್ಕೆ ಕಿರಿಯರ ಕಪ್ ಗೆದ್ದಳು. ಹದಿನಾರಕ್ಕೆ ದೊಡ್ಡವರದು. ಹದಿನೇಳಕ್ಕೆ ಹಲಗೆಯ ಮೇಲೆ ಕಂಪನಿಗಳ ಚೀಟಿ ಅಂಟಿದವು, ಸ್ಪರ್ಧೆಯೇ ವೃತ್ತಿಯಾಯಿತು. ವಿಮಾನ ಹತ್ತಿದಳು, ಹೊರದೇಶದಲ್ಲಿ ಎರಡನೆಯವಳಾಗಿ ಬಂದಳು. ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಒಂದು ಸಲ ಕಾಲು ಜಾರಿದರೆ ಆರು ತಿಂಗಳ ಅಭ್ಯಾಸ ನೀರು ಪಾಲು. ಅಂಥ ಕೆಲಸ ಅದು. ಭುಜದ ಕೀಲು ಎರಡು ಸಲ ತಪ್ಪಿತು. ಹವಳದ ಮೇಲೆ ಬಿದ್ದು ಬೆನ್ನು ಸುಲಿಯಿತು. ರಾತ್ರಿ ಬೋರಲು ಮಲಗುತ್ತಿದ್ದಳು. ಕೇಳಿದರೆ, ಚಿಪ್ಪಿಗಿಂತ ಕಮ್ಮಿ ಉರಿ ಅಜ್ಜ ಅನ್ನುತ್ತಿದ್ದಳು.

ಈಗ ಕ್ಲಬ್ಬಿನ ಮುಂಬಾಗಿಲಲ್ಲಿ ಅವಳ ಫೋಟೋ, ಆಳೆತ್ತರದ್ದು. ಕಾರ್ಯದರ್ಶಿ ಭಾಷಣದಲ್ಲಿ ನಮ್ಮ ಮಗಳು ಅಂದ. ಅವನ ಮಗಳಂತೆ. ಸಂದರ್ಶನಕ್ಕೆ ಹೋಗುವ ಮೊದಲು ಏನು ಹೇಳಬೇಕು ಅಂತ ಕೋಚ್ ಬರೆದುಕೊಡುತ್ತಿದ್ದ. ಕ್ಲಬ್ಬು ನನ್ನನ್ನು ಬಡತನದಿಂದ ಎತ್ತಿತು ಅಂತ. ಅದನ್ನೇ ಹೇಳುತ್ತಿದ್ದಳು. ಫೋಟೋದಲ್ಲಿ ಕೈ ಮುಚ್ಚಿ ಹಿಡಿ ಅನ್ನುತ್ತಿದ್ದರು, ಬೆರಳ ಗಾಯ ಕಾಣುತ್ತದೆ. ಮುಚ್ಚಿ ಹಿಡಿಯುತ್ತಿದ್ದಳು. ನುಂಗಿದಳು. ನಾವೂ ನುಂಗು ಅಂದೆವು. ಹಲ್ಲು ಕಚ್ಚಿಕೊಂಡಿರು, ಮೇಲೆ ಹತ್ತಿದ ಮೇಲೆ ಮಾತಾಡುವೆಯಂತೆ ಅಂದೆವು. ಮೇಲೆ ಹತ್ತಿದವರು ಮಾತಾಡಿದ್ದನ್ನು ನಾನಂತೂ ಕಂಡಿಲ್ಲ.

ಈ ವರ್ಷದ ದೊಡ್ಡ ಸ್ಪರ್ಧೆ ನಮ್ಮ ತೀರಕ್ಕೇ ಬಂತು. ಗೆದ್ದವಳು ದೇಶದ ತಂಡದ ಮುಂದಾಳು. ಅಲೆ ಎಲ್ಲಿಂದ ಏಳುತ್ತದೆ ಅಂತ ಪೂರ್ತಿ ಕಾಣುವ ಜಾಗ ಒಂದೇ, ತಲೆಬಂಡೆ. ತೀರ್ಪುಗಾರರ ಅಟ್ಟ ಅಲ್ಲೇ ಬೇಕು ಅಂದರು. ಕ್ಯಾಮೆರಾ ಅಲ್ಲೇ ಬೇಕು. ಬಂಡೆಯ ಸುತ್ತ ತಂತಿಬೇಲಿ ಬೇಕು. ಟೀವಿಯಲ್ಲಿ ಚೀಲ ಕಟ್ಟಿಕೊಂಡ ಹೆಂಗಸರು ಕಾಣಬಾರದು. ಬಂಡೆಯಲ್ಲಿ ಕಂಬ ನಿಲ್ಲಿಸುವುದು ಸುಲಭವಲ್ಲ. ತೂತು ಕೊರೆದು ರೆಸಿನ್ ತುಂಬಬೇಕು. ಆ ಕೆಲಸ ಬಲ್ಲವನು ಯಾರು? ನಾನು. ಹದಿನಾಲ್ಕು ಕಂಬ ನೆಟ್ಟೆ. ಸಿಳ್ಳೆಯಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಭಾವ, ನಾನೆಲ್ಲಿ ನಿಂತ್ಕೊಳ್ಳಿ?"

ಒಂದು ವಾರ ಅಷ್ಟೇ ಕಣೇ, ರಜೆ ಅಂದುಕೋ ಅಂದೆ. ಹೊಟ್ಟೆಗೂ ರಜೆ ಕೊಡಿಸು ನಿನ್ನ ಕ್ಲಬ್ಬಿನವರ ಹತ್ತಿರ ಅಂದಳು. ಮೊದಲ ಸಲ ಏಕವಚನದಲ್ಲಿ ಮಾತಾಡಿದಳು. ಹೋದಳು.

ಏಡಿ ಎರಡು ದಿನ ಮುಂಚೆ ಊರಿಗೆ ಬಂದಳು. ಬೇಲಿ ನೋಡಿ ಕಾರ್ಯದರ್ಶಿಯನ್ನು ಕೇಳಿದಳಂತೆ. ಅವನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಏನೋ ಹೇಳಿದನಂತೆ, ನೋಡೋಣ, ಮಾಡೋಣ. ಇವಳು ಅಭ್ಯಾಸಕ್ಕೆ ಹೋದಳು. ಸುಳ್ಳೇಕೆ, ಅವಳೂ ಆವತ್ತು ಸುಮ್ಮನಾದಳು.

ಹೆಂಗಸರು ಮಾತ್ರ ಸುಮ್ಮನೆ ಕೂರುವಂತಿರಲಿಲ್ಲ. ಬೇಲಿಯಾಚೆ, ಸ್ಪರ್ಧೆಯ ಗಡಿಯಿಂದ ಹೊರಗೆ ಒಂದು ಹಿಂಬಂಡೆ ಇದೆ. ತಗ್ಗು, ಜಾರು. ಅಲ್ಲಿ ನಿಂತು ಕಾವಲು ಕಾಯಲು ಎತ್ತರವೇ ಇಲ್ಲ. ಯಾರೂ ಹೋಗದ ಜಾಗ. ಅಲ್ಲಿಗೆ ಹೋದರು, ಸಿಳ್ಳೆಯಮ್ಮನೂ ಸೇರಿ ಆರು ಜನ. ನನ್ನ ಮಗಳೂ ಇದ್ದಳು. ಕಾವಲಿಗೆ ಜಾಗವಿಲ್ಲದ ಮೇಲೆ ಸಿಳ್ಳೆಯಮ್ಮ ಏನು ಮಾಡಿಯಾಳು? ಬೊಗಸೆ ಚಿಪ್ಪು ಸುಮ್ಮನೆ ಇಸಕೊಳ್ಳುವ ಪೈಕಿ ಅವಳಲ್ಲ. ಇಪ್ಪತ್ತೆರಡು ವರ್ಷದ ಮೇಲೆ ಉಳಿ ಹಿಡಿದು ಕೆಳಗೆ ಇಳಿದಳು.

ಫೈನಲ್ಲಿನ ದಿನ ಮಧ್ಯಾಹ್ನ. ನೀರಿನಲ್ಲಿ ಇಬ್ಬರೇ. ನಮ್ಮವಳದು ಕೆಂಪು ಅಂಗಿ, ಎದುರಾಳಿಯದು ನೀಲಿ. ಅರ್ಧ ಗಂಟೆಯ ಆಟ. ಎಷ್ಟು ಅಲೆ ಹಿಡಿದರೂ ಒಳ್ಳೆಯ ಎರಡಕ್ಕೆ ಮಾತ್ರ ಅಂಕ. ಗಡಿಗುರುತಿಗೆ ಕಿತ್ತಳೆ ಬಣ್ಣದ ಎರಡು ತೇಲುಬುರುಡೆಗಳನ್ನು ನೀರಿನಲ್ಲಿ ಬಿಟ್ಟಿದ್ದರು, ಆಟ ಅವುಗಳ ನಡುವೆಯೇ ಆಗಬೇಕು. ಏಡಿಗೆ ಒಂದು ಒಳ್ಳೆಯ ಅಲೆ ಸಿಕ್ಕಿತ್ತು. ಇನ್ನೊಂದು ಬೇಕಿತ್ತು. ಸರದಿ ಅವಳದು, ಅಂದರೆ ಮುಂದಿನ ಅಲೆ ಅವಳು ಬೇಕೆಂದರೆ ಅವಳದೇ. ಎಂಟು ನಿಮಿಷ ಉಳಿದಿತ್ತು. ಶೆಡ್ಡಿನ ಬಾಗಿಲಿಂದ ನೋಡುತ್ತಿದ್ದೆ.

ದೂರದಲ್ಲಿ ಗೆರೆ ಎದ್ದಿತು. ದಪ್ಪ ಗೆರೆ. ನನಗೆ ಕಾಣುವ ಮೊದಲು ಅವಳಿಗೆ ಕಂಡಿತ್ತು. ಹಲಗೆಯ ಮೇಲೆ ಎದ್ದು ಕೂತು ಹಿಂಬಂಡೆಯ ಕಡೆ ತಿರುಗಿದಳು. ಆರು ಬೆನ್ನುಗಳು. ಬೆರಳು ಬಾಯಿಗಿಟ್ಟಳು. ಕಂಬದ ಮೇಲೆ ಲೌಡ್‌ಸ್ಪೀಕರ್ ಹಾಡು ಬಡಿಯುತ್ತಿತ್ತು, ನಡುನಡುವೆ ಒಬ್ಬ ಅರಚುತ್ತಿದ್ದ. ಸಿಳ್ಳೆ ನನಗೂ ಕೇಳಲಿಲ್ಲ, ಅವರಿಗೂ ಕೇಳಲಿಲ್ಲ. ಮತ್ತೆ ಹೊಡೆದಳು. ಒಂದು ಕೈಯೂ ಏಳಲಿಲ್ಲ.

ಈಜಿಕೊಂಡು ಹೋದರೆ ಅಲೆಯೇ ಮೊದಲು ತಲುಪುತ್ತದೆ. ಅದಕ್ಕೆ ಅವಳು ಆ ಅಲೆಯನ್ನೇ ಹಿಡಿದಳು, ಸಾಲಿನ ಮೊದಲನೆಯದನ್ನು. ಎಲ್ಲರೂ ಬಲಕ್ಕೆ ಹೋಗುವ ಅಲೆಯಲ್ಲಿ ಎಡಕ್ಕೆ ಹೊರಟಳು. ನೊರೆ ತಲೆಯ ಮೇಲೆ ಕುಸಿಯುತ್ತಿತ್ತು, ಅದರ ಕೆಳಗೇ ನುಸುಳಿದಳು. ಬುರುಡೆ ದಾಟಿದಳು. ಇಪ್ಪತ್ತಾರು ವರ್ಷದಿಂದ ಹಲಗೆ ನೋಡಿದವನು ನಾನು. ಅಂಥ ಸವಾರಿ ನೋಡಿಲ್ಲ, ಇನ್ನು ನೋಡುವುದೂ ಇಲ್ಲ. ಅದಕ್ಕೆ ಕೊಟ್ಟ ಅಂಕ ಸೊನ್ನೆ. ಗಡಿ ದಾಟಿದ್ದಕ್ಕೆ.

ಬಂಡೆಯ ಹತ್ತಿರ ಹಲಗೆಯಿಂದ ಹಾರಿ ಸಿಳ್ಳೆ ಹೊಡೆದಳು. ಈ ಸಲ ಕೇಳಿಸಿತು. ಉಳಿಗಳು ಬಿದ್ದವು. ಕೈಗಳು ಎದ್ದವು. ಏಡಿ ಎಣಿಸಿದಳು. ಐದು.

ಆರನೆಯವಳು ಸಿಳ್ಳೆಯಮ್ಮ. ಅವಳಿಗೆ ಕೇಳಿಸಲಿಲ್ಲ ಅಂತಲ್ಲ. ಎಲ್ಲರಿಗಿಂತ ಮೊದಲು ಕೇಳಿಸಿದ್ದು ಅವಳಿಗೇ. ಇಪ್ಪತ್ತೆರಡು ವರ್ಷ ಸಿಳ್ಳೆ ಹೊಡೆದವಳು, ಒಂದು ದಿನವೂ ಸಿಳ್ಳೆಗೆ ಕೈ ಎತ್ತಿದವಳಲ್ಲ. ಅಪಾಯ ಅಂದಕೂಡಲೇ ಅವಳ ಕೈ ಬಂಡೆ ಹಿಡಿಯಲಿಲ್ಲ. ಅಭ್ಯಾಸದಂತೆ ಬಾಯಿಗೆ ಹೋಯಿತು. ಬಂಡೆ ಬಿಟ್ಟು, ನೆಟ್ಟಗೆ ನಿಂತು, ಎರಡು ಬೆರಳು ಬಾಯಿಗಿಟ್ಟು ಉಳಿದವರಿಗೆ ಸಿಳ್ಳೆ ಹೊಡೆದಳು. ನನ್ನ ಮಗಳು ಪಕ್ಕದಲ್ಲೇ ಇದ್ದಳು, ಅವಳೇ ಹೇಳಿದ್ದು. ಸಿಳ್ಳೆ ಪೂರ್ತಿಯಾಗಲಿಲ್ಲ. ಮೂರನೆಯ ಅಲೆ ಬಂತು.

ಏಡಿ ನಾಲ್ಕು ಸಲ ಮುಳುಗಿದಳು. ನಾಲ್ಕನೆಯ ಸಲ ಸಿಳ್ಳೆಯಮ್ಮ ಸಿಕ್ಕಿದಳು. ಹಲಗೆಯ ಮೇಲೆ ಮಲಗಿಸಿ ತಳ್ಳಿಕೊಂಡು ಬಂದಳು. ಅಷ್ಟೂ ಹೊತ್ತು ಲೌಡ್‌ಸ್ಪೀಕರ್ ಹಾಡುತ್ತಿತ್ತು. ಕೆಂಪು ಅಂಗಿಯ ಸ್ಪರ್ಧಿ ದಯವಿಟ್ಟು ಗಡಿಯೊಳಗೆ ಬರಬೇಕು ಅಂತ ಮೂರು ಸಲ ಕೂಗಿದರು. ಆಟ ನಿಲ್ಲಿಸಲಿಲ್ಲ. ನೀಲಿ ಅಂಗಿಯವಳು ಪಾಪ, ಅವಳಿಗೆ ಗೊತ್ತೇ ಇಲ್ಲ, ಇನ್ನೊಂದು ಅಲೆ ಹಿಡಿದು ಗೆದ್ದಳು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಏಡಿ ಹಿಂದಿನ ದಾರಿಯಿಂದ ಬರಲಿಲ್ಲ. ಗಣ್ಯರ ಕುರ್ಚಿಗಳ ಮುಂದೆ, ಬಹುಮಾನದ ವೇದಿಕೆಯ ಮುಂದೆ ಹಲಗೆ ಎಳೆದು ತಂದು ಮರಳಿನ ಮೇಲೆ ಇಟ್ಟಳು. ನಾದಿನಿಯ ಬಾಯಿ ಅರ್ಧ ತೆರೆದಿತ್ತು. ಎರಡು ಬೆರಳು ಇನ್ನೂ ಜೋಡಿಯಾಗಿದ್ದವು. ಮೈಕು ಹಿಡಿದವನು ಓಡಿಬಂದು ಏನಾಯಿತು ಅಂತ ಕೇಳಿದ. ಏಡಿ ಬರೆದುಕೊಟ್ಟದ್ದನ್ನು ಹೇಳಲಿಲ್ಲ.

"ಇವಳು ನಿಂತ್ಕೊಳ್ಳೋ ಜಾಗದಲ್ಲಿ ನೀವು ಕುರ್ಚಿ ಹಾಕ್ಕೊಂಡ್ರಿ. ಅದಕ್ಕೇ ಸತ್ಲು. ನೀವೇ ಕೊಂದಿದ್ದು. ಬರ್ಕೊಳ್ಳಿ."

ಇದೇ ಆ ಕೋಟಿನವನು ಹೇಳಿದ ಬಾಯಿಗೆ ಬಂದ ಮಾತು.

ಈಗ ನನ್ನ ಪಾಪ. ಮಾರನೆಯ ಬೆಳಿಗ್ಗೆ ಕಾರ್ಯದರ್ಶಿ ಶೆಡ್ಡಿಗೆ ಬಂದ. ಇಪ್ಪತ್ತಾರು ವರ್ಷದಲ್ಲಿ ಅವನು ಶೆಡ್ಡಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಒಂದು ತಗಡಿನ ಬೋರ್ಡು ತಂದಿದ್ದ. ಅಪಾಯ, ಪ್ರವೇಶವಿಲ್ಲ. ಹಿಂಬಂಡೆಯ ದಾರಿಯಲ್ಲಿ ನೆಡು ಅಂದ. ಇದೆಲ್ಲ ಮುಂಚೆಯೇ ಆಗಬೇಕಿತ್ತು, ಮರೆತುಹೋಯಿತು ಅಂದ. ಹುಡುಗಿಯ ಭವಿಷ್ಯ ನಿನ್ನ ಕೈಯಲ್ಲಿದೆ ಅಂದ. ನಾನು ಅಂಟಿಗೆ ಮದ್ದು ಬೆರೆಸಿದೆ. ಅಲ್ಲಿ ಮನೆಯಲ್ಲಿ ನಾದಿನಿಯ ಹೆಣ ತೊಳೆಯುತ್ತಿದ್ದರು. ಇಲ್ಲಿ ನಾನು ಅವಳನ್ನು ತಪ್ಪಿತಸ್ಥೆ ಮಾಡುವ ಬೋರ್ಡನ್ನು ನೆಟ್ಟೆ. ನೆಟ್ಟಗೆ ನಿಂತಿದೆಯೇ ಅಂತ ದೂರ ಸರಿದು ನೋಡಿದೆ ಕೂಡ. ಇದಕ್ಕಿಂತ ಹೆಚ್ಚು ಏನು ಹೇಳಲಿ.

ಮೂರು ದಿನದ ಮೇಲೆ ಕೋಚ್ ಕಾಗದ ತಂದ, ಏಡಿಯೇ ಹೇಳಿದ ಹಾಗೆ ಬರೆದದ್ದು. ಗಾಬರಿಯಲ್ಲಿ ನಾನು ಆಡಿದ ಮಾತು ಸುಳ್ಳು. ಎಚ್ಚರಿಕೆಯ ಬೋರ್ಡು ಸ್ಪರ್ಧೆಗೆ ಮೊದಲೇ ಇತ್ತು. ಮೃತಳು ನಿಷೇಧ ಮೀರಿ ಹೋಗಿದ್ದಳು. ಸ್ಪರ್ಧೆ ನಡೆಸಿದ ಸಂಘದ ಮೇಲೆ ಯಾವ ಹೊಣೆಯೂ ಇಲ್ಲ. ಕೆಳಗೆ ಸಹಿಗೆ ಜಾಗ. ಸಹಿ ಹಾಕಿದರೆ ತಂಡ, ವಿಮಾನ, ಮುಂದಿನ ಹತ್ತು ವರ್ಷ. ಇಲ್ಲದಿದ್ದರೆ ಎರಡು ವರ್ಷ ನಿಷೇಧ. ಆ ಆಟದಲ್ಲಿ ಹತ್ತೊಂಬತ್ತರ ಹುಡುಗಿಗೆ ಎರಡು ವರ್ಷ ಅಂದರೆ ಮುಗಿದ ಹಾಗೆ.

ಕೋಚ್ ಕಣ್ಣು ಕೆಳಗೆ ಹಾಕಿ ಕೂತಿದ್ದ.  ನಾನೇ ಬಾಯಿಬಿಟ್ಟೆ. ಹಾಕು ಮಗಾ ಅಂದೆ. ಸತ್ತವಳು ವಾಪಸ್ಸು ಬರಲ್ಲ, ಸಿಳ್ಳೆಯಮ್ಮನೇ ಇದ್ದಿದ್ದರೂ ಹಾಕು ಅನ್ನುತ್ತಿದ್ದಳು ಅಂದೆ. ಸತ್ತವರ ಹೆಸರಲ್ಲಿ ಮಾತಾಡುವುದು ಎಷ್ಟು ಸುಲಭ ನೋಡಿ. ಮಗಳು ಮೂಲೆಯಲ್ಲಿ ಕೂತು ಪಕ್ಕೆ ನೀವಿಕೊಳ್ಳುತ್ತಿದ್ದಳು, ಅಲೆ ಅವಳನ್ನೂ ಬಂಡೆಗೆ ಬಡಿದಿತ್ತು. ಅವಳೂ ಹಾಕಮ್ಮ ಅಂದಳು. ನನ್ನ ಹಾಗೆ ಆಗಬೇಡ ಅಂದಳು. ಏಡಿ ಕಾಗದವನ್ನು ಎರಡು ಸಲ ಓದಿದಳು. ಅವರ ಮುಂದೆಯೇ ಹಾಕುತ್ತೇನೆ, ಅಜ್ಜನೂ ಬರಲಿ ಅಂದಳು. ನಾನು ಸಮಾಧಾನದ ಉಸಿರು ಬಿಟ್ಟೆ.

ಕ್ಲಬ್ಬಿನಲ್ಲಿ ಸಮಿತಿಯ ಕೋಣೆ, ತಂಡ ಆರಿಸುವುದೂ ನಿಷೇಧ ಹಾಕುವುದೂ ಅವರೇ. ಉದ್ದ ಮೇಜು, ಏಳು ಜನ, ತಣ್ಣನೆ ಗಾಳಿ. ನನಗೆ ಗೋಡೆಯ ಪಕ್ಕ ನಿಲ್ಲಲು ಹೇಳಿದರು. ಏಡಿಗೆ ಕುರ್ಚಿ ಕೊಟ್ಟರು. ಕಾರ್ಯದರ್ಶಿ ಸಿಹಿಯಾಗಿ ಮಾತಾಡಿದ. ಇಲ್ಲಿಂದಲೇ ಬೆಳೆದೆ, ಉಂಡ ಮನೆಗೆ ಎರಡು ಬಗೆಯಬಾರದು ಅಂದ. ಪೆನ್ನಿನ ಮುಚ್ಚಳ ತಾನೇ ತೆಗೆದುಕೊಟ್ಟ. ಏಡಿ ಪೆನ್ನು ಹಿಡಿದಳು. ಆಮೇಲೆ ತಿರುಗಿ ನನ್ನ ಕೈ ನೋಡಿದಳು. ಉಗುರಿನ ಸಂದಿಯಲ್ಲಿ ರೆಸಿನ್ ಇತ್ತು. ಅದು ಹಾಗೆಲ್ಲ ಹೋಗುವುದಿಲ್ಲ, ಉಗುರು ಬೆಳೆದೇ ಹೋಗಬೇಕು. ಶೆಡ್ಡಿನ ರೆಸಿನ್ ಹಳದಿ. ಬಂಡೆಗೆ ತುಂಬುವುದಕ್ಕೆ ಬೂದಿಬಣ್ಣ ಬೆರೆಸುತ್ತೇವೆ. ನನ್ನ ಉಗುರಲ್ಲಿ ಇದ್ದದ್ದು ಬೂದಿ. ಬೇಲಿ ನೆಟ್ಟು ಎರಡು ವಾರವಾಗಿತ್ತು, ಆ ಬೂದಿ ಎರಡು ವಾರದ್ದಲ್ಲ. ಶೆಡ್ಡಿನಲ್ಲಿ ಬೆಳೆದವಳಿಗೆ ಅದನ್ನು ಹೇಳಿಕೊಡಬೇಕೇ.

"ಅಜ್ಜ, ನೀನು ಹಾಕು ಅಂದ್ರೆ ಹಾಕ್ತೀನಿ. ಒಂದೇ ಒಂದು ಹೇಳು. ಆ ಬೋರ್ಡು ಯಾವತ್ತು ನೆಟ್ಟೆ?"

 ಕಾರ್ಯದರ್ಶಿ ನನ್ನ ಕಡೆ ನೋಡಿ ತಲೆಯಾಡಿಸಿದ, ಮಗುವಿಗೆ ಪಾಠ ನೆನಪಿಸುವ ಹಾಗೆ. ಏನು ಹೇಳಬೇಕು ಅಂತ ಮೊದಲೇ ಹೇಳಿದ್ದ, ಸ್ಪರ್ಧೆಗೆ ಹತ್ತು ದಿನ ಮುಂಚೆ ಅಂತ. ಬಾಯಿ ತೆರೆದೆ. ಕೆಮ್ಮು ಬಂತು. ಬಗ್ಗಿ ಕೆಮ್ಮಿದೆ. ಯಾರೂ ನೀರು ಕೊಡಲಿಲ್ಲ. ಕೆಮ್ಮುವಾಗ ನನಗೆ ಕಂಡದ್ದು ಸಿಳ್ಳೆಯಮ್ಮ ಅಲ್ಲ. ಫಿನೈಲು ಹಾಕಿ ಟೈಲ್ಸು ತಿಕ್ಕುತ್ತಿದ್ದ ನನ್ನ ಮಗಳು. ಅವತ್ತೂ ನಾನು ಹೀಗೇ ಒಂದು ಬದಿಗೆ, ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಉಜ್ಜುತ್ತಿದ್ದೆ.

"ಮಾರನೇ ದಿನ ಬೆಳಿಗ್ಗೆ. ಇನ್ನೂ ಹೆಣ ಎತ್ತಿರಲಿಲ್ಲ. ಈ ಮಹಾನುಭಾವರೇ ಬೋರ್ಡು ತಂದ್ಕೊಟ್ರು. ನಾನೇ ನೆಟ್ಟೆ."

ಏಳು ಜನವೂ ಒಟ್ಟಿಗೆ ಮಾತಾಡತೊಡಗಿದರು. ಮುದುಕನಿಗೆ ಅರಳುಮರಳು ಅಂದ ಒಬ್ಬ. ಕುಡಿದಿದ್ದಾನೆ ಅಂದ ಇನ್ನೊಬ್ಬ. ಕುಡಿದಿದ್ದರೆ ಇಷ್ಟು ವರ್ಷ ಸುಮ್ಮನಿರುತ್ತಿದ್ದೆನೇ. ಕೋಚ್ ಮೇಜು ನೋಡುತ್ತ ಕೂತಿದ್ದ, ಹೌದು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಏಡಿ ಪೆನ್ನಿಗೆ ಮುಚ್ಚಳ ಹಾಕಿದಳು. ಕಾಗದವನ್ನು ಒಂದೇ ಬೆರಳಿನಿಂದ ಮೇಜಿನ ಆ ಕಡೆಗೆ ಸರಿಸಿದಳು.

"ಹಾಕಲ್ಲ."

ಕಾರ್ಯದರ್ಶಿ ಯೋಚನೆ ಮಾಡು ಅಂದ. ಒಂದು ವಾರ ಸಮಯ ತಗೋ ಅಂದ. ಅವಳು ಎದ್ದು ಕುರ್ಚಿಯನ್ನು ಮೇಜಿನೊಳಗೆ ಸರಿಯಾಗಿ ದೂಡಿದಳು.

"ಮುಂಬಾಗಿಲಲ್ಲಿರೋ ನನ್ನ ಫೋಟೋ ತೆಗೆಸಿ. ಸಂಜೆವರೆಗೂ ಟೈಮಿದೆ. ಇಲ್ದಿದ್ರೆ ನಾನೇ ಕೀಳ್ತೀನಿ, ನಮ್ಗೆ ಕೀಳೋದು ಗೊತ್ತು."

ಸಂಜೆಗೆ ಮೊದಲು ತೆಗೆಸಿದರು. ನಿಷೇಧದ ಕಾಗದ ಮಾರನೆಯ ದಿನವೇ ಬಂತು, ಎರಡು ವರ್ಷ. ಅದಕ್ಕೆ ಸಮಿತಿಯವರಿಗೆ ಒಂದು ವಾರ ಬೇಕಾಗಲಿಲ್ಲ. ನೀಲಿ ಅಂಗಿಯವಳು ತಂಡದ ಮುಂದಾಳಾದಳು. ನನ್ನನ್ನು ಶೆಡ್ಡಿನಿಂದ ಹೊರಗೆ ಹಾಕಿದರು. ನನ್ನ ಹಲಗೆ ಉಜ್ಜುವ ಉಪ್ಪುಕಾಗದ, ಕುಂಚ, ಹಳೆಯ ಚಡ್ಡಿ ಎಲ್ಲ ಒಂದು ಗೋಣಿಯಲ್ಲಿ ತುಂಬಿ ಗೇಟಿನ ಹೊರಗೆ ಇಟ್ಟಿದ್ದರು. ಇಪ್ಪತ್ತಾರು ವರ್ಷ ಒಂದು ಗೋಣಿಯಲ್ಲಿ ಹಿಡಿಯಿತು, ಮೇಲೆ ಸ್ವಲ್ಪ ಜಾಗವೂ ಉಳಿದಿತ್ತು.

ಸ್ಪರ್ಧೆ ಮುಗಿದರೂ ಬೇಲಿ ತೆಗೆಯಲಿಲ್ಲ. ವಾರದ ಬೇಲಿ ಕಾಯಂ ಬೇಲಿಯಾಗುವ ಲಕ್ಷಣ ಕಂಡಿತು. ಹೆಂಗಸರು ಉಳಿ ಹಿಡಿದು ಹೊರಟರು, ನಡು ಹಗಲಲ್ಲಿ, ಎಲ್ಲರೂ ನೋಡುವ ಹಾಗೆ. ನಾನೂ ಕುಂಟಿಕೊಂಡು ಹೋದೆ. ಕಂಬ ಅಲ್ಲಾಡಲೇ ಇಲ್ಲ. ಎಂಥ ಕೆಲಸ ಮಾಡಿಟ್ಟಿದ್ದೀಯಪ್ಪ ಅಂತ ಮಗಳು ಬೈದಳು. ನನ್ನ ಒಳ್ಳೆಯ ಕೆಲಸಕ್ಕೆ ಜೀವಮಾನದಲ್ಲಿ ಮೊದಲ ಸಲ ನಾಚಿಕೆಯಾಯಿತು. ಅಂಟಿಗೆ ಹೊಡೆಯಬೇಡಿ, ಅಂಟು ಬಿಡಲ್ಲ, ಪಕ್ಕದ ಕಲ್ಲಿಗೆ ಹೊಡೆಯಿರಿ ಅಂದೆ. ಹದಿನಾಲ್ಕು ಕಂಬ ಕೀಳಲು ಪೂರ್ತಿ ಎರಡು ದಿನ ಬೇಕಾಯಿತು. ಕ್ಲಬ್ಬಿನವರು ಪೊಲೀಸರಿಗೆ ದೂರು ಕೊಟ್ಟರು. ಕೇಸು ನಡೆಯುತ್ತಿದೆ. ಸಿಳ್ಳೆಯಮ್ಮನ ಸಾವಿಗೆ ಕೇಸಿಲ್ಲ, ಕಂಬಗಳಿಗೆ ಕೇಸು.

ಏಡಿ ಈಗ ತಲೆಬಂಡೆಯ ಮೇಲೆ ನಿಲ್ಲುತ್ತಾಳೆ. ಕಾವಲಿಗೆ ಬೇರೆ ಯಾರೂ ಇಲ್ಲ. ಇದನ್ನು ಕೇಳಿ ಆಹಾ ಅಂತ ಕಣ್ಣೊರೆಸಿಕೊಳ್ಳಬೇಡಿ. ಅವಳು ನಿಲ್ಲಬೇಕಾದ ಜಾಗ ಅದಲ್ಲ. ಅವಳ ಜಾಗ ನೀರಿನಲ್ಲಿ, ಅಲೆಯ ನೆತ್ತಿಯ ಮೇಲೆ. ಹತ್ತು ವರ್ಷ ಮೈ ಮುರಿದು ಸಂಪಾದಿಸಿದ ಜಾಗ. ಒಳ್ಳೆಯ ಅಲೆ ಬಂದಾಗ ಅವಳ ಬಲಗಾಲು ತನ್ನಷ್ಟಕ್ಕೇ ತಿರುಚುತ್ತದೆ, ಬರಿಯ ಕಲ್ಲಿನ ಮೇಲೆ. ನಾನು ನೋಡಿಯೂ ನೋಡದವನ ಹಾಗೆ ಇರುತ್ತೇನೆ. ಅವರು ಕಿತ್ತುಕೊಂಡದ್ದು ಅದನ್ನು. ಅದಕ್ಕೆ ನನ್ನ ಸಿಟ್ಟು ಆರಿಲ್ಲ, ನಾನು ಸತ್ತ ಮೇಲೂ ಆರಬಾರದು.

ಮೊನ್ನೆ ಪತ್ರಿಕೆಯವಳೊಬ್ಬಳು ಹುಡುಕಿಕೊಂಡು ಬಂದಳು. ಒಳ್ಳೆಯ ಚಪ್ಪಲಿ ಹಾಕಿಕೊಂಡು, ಪಾಪ, ಜಾರುತ್ತ ಬಂಡೆ ಹತ್ತಿದಳು. ಏಡಿಯ ಬೆನ್ನ ಹಿಂದೆ ನಿಂತು ಕೇಳಿದಳು. ಮತ್ತೆ ಸ್ಪರ್ಧೆಗೆ ಯಾವಾಗ? ಆ ದಿನ ಸಹಿ ಹಾಕಬಹುದಿತ್ತು ಅಂತ ಒಂದು ದಿನವಾದರೂ ಅನ್ನಿಸಿದೆಯೇ? ಏಡಿ ತಿರುಗಿ ನೋಡಲಿಲ್ಲ. ಪತ್ರಿಕೆಯವಳು ಇನ್ನೊಂದು ಹೆಜ್ಜೆ ಮುಂದೆ ಬಂದು ಅದನ್ನೇ ಮತ್ತೆ ಕೇಳಿದಳು.

"ಆಮೇಲೆ ಮಾತಾಡೋಣ ಅಕ್ಕ. ಕೆಳಗೆ ಹೆಂಗಸರಿದ್ದಾರೆ."